ನಂಬಿಕೆ ಮೆದುಳಲ್ಲಿ ಹುಟ್ಟಿದರೆ ದೇವರು ಸುಳ್ಳಾ?

ಪ್ರಶ್ನೆ: ನಮ್ಮ ತಾಯಿ ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕ ಹೋಗ್ತಾರ. ಸಂಗಮದಾಗ ಮುಳುಗಿ ಎದ್ದು ಆರತಿಗಿ ನಿಂತ್ರ ಮೈಮ್ಯಾಲಿನ ಗಾಳಿ ಬಿಡ್ತದ ಅಂತ ಅವರ ನಂಬಿಕಿ. ಮಗ ಕಾಲೇಜಿನ್ಯಾಗ ಸೈಕಾಲಜಿ ಓದ್ತಾನ. ‘ದೇವರು, ದೆವ್ವ ಎರಡೂ ಮೆದುಳು ಕಟ್ಟಿದ್ದು, ಅಜ್ಜಿ ಸುಮ್ನ ಹೋಗ್ತಾಳ’ ಅಂತಾನ. ನಂಬಿಕಿ ಎಲ್ಲಿಂದ ಬಂತು ಅಂತ ಗೊತ್ತಾದ್ರ ಅದು ಸುಳ್ಳು ಅಂತ ಆಗ್ತದೇನು?
(ಅಫಜಲಪುರ ತಾಲ್ಲೂಕಿನ ಓದುಗರು)

ಉತ್ತರ: ಆಗುವುದಿಲ್ಲ. ಹಾಗಂತ ನಿಮ್ಮ ತಾಯಿ ಗೆದ್ದರು ಎಂದೂ ಅಲ್ಲ.

ಈ ಗಂಟು ಬಿಚ್ಚುವ ದಾರ ನಮ್ಮ ಭಾಗದಲ್ಲೇ ಇದೆ. ‘ಮಿತಾಕ್ಷರಾ’ ಎಂಬ ನ್ಯಾಯದ ಗ್ರಂಥ ಬರೆದ ವಿಜ್ಞಾನೇಶ್ವರ ಕಲಬುರಗಿ ಜಿಲ್ಲೆಯ ಮರತೂರಿನವನು ಎಂಬುದು ಪ್ರತೀತಿ. ಬರೆದದ್ದು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣದಲ್ಲಿ. ಯಾರ ಸಾಕ್ಷಿ ನಡೆಯುವುದಿಲ್ಲ ಎಂಬ ಪಟ್ಟಿಗೆ ಅವನ ವ್ಯಾಖ್ಯಾನವಿದೆ: ಕುಡಿದವ, ಹುಚ್ಚು ಹಿಡಿದವ, ಜೂಜುಕೋರ, ವೈರಿ, ದಾವೆಯಲ್ಲಿ ತನ್ನ ಲಾಭ ಇರುವವ. ಸಾಲದ ಖಟ್ಲೆಯಲ್ಲಿ ವೈರಿಯ ಸಾಕ್ಷಿಯನ್ನು ತಳ್ಳಿಹಾಕಿದರು ಅನ್ನಿ. ಸಾಲ ಕೊಟ್ಟೇ ಇಲ್ಲ ಎಂದು ಅದರಿಂದ ಸಾಬೀತಾಯಿತೇ? ಇಲ್ಲ. ಆ ಒಂದು ಸಾಕ್ಷಿ ಹೋಯಿತು, ಖಟ್ಲೆ ಬಾಕಿ ಉಳಿಯಿತು. ನಿಮ್ಮ ಮಗ ಸಾಕ್ಷಿಯ ಮೇಲೆ ಎತ್ತಿದ ತಕರಾರನ್ನೇ ತೀರ್ಪು ಎಂದುಕೊಂಡಿದ್ದಾನೆ.

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಹ್ಯೂಮ್ 1757ರಲ್ಲೇ ಈ ಎರಡನ್ನೂ ಬೇರೆ ಮಾಡಿದ್ದ: ಧರ್ಮಕ್ಕೆ ತರ್ಕದ ಆಧಾರ ಇದೆಯೇ ಎಂಬುದು ಒಂದು ಪ್ರಶ್ನೆ, ಮನುಷ್ಯನ ಸ್ವಭಾವದಲ್ಲಿ ಅದು ಹೇಗೆ ಹುಟ್ಟಿತು ಎಂಬುದು ಇನ್ನೊಂದು. ದೇವರೆಂದರೆ ಮನುಷ್ಯನ ಆಸೆಯ ನೆರಳು ಎಂದ ಮನೋವಿಶ್ಲೇಷಕ ಫ್ರಾಯ್ಡ್ ಕೂಡ 1927ರಲ್ಲಿ ಒಂದು ಎಚ್ಚರಿಕೆ ಇಟ್ಟುಕೊಂಡಿದ್ದ. ಆಸೆಯಿಂದ ಹುಟ್ಟಿದ ನಂಬಿಕೆ ಸುಳ್ಳೇ ಆಗಿರಬೇಕೆಂದಿಲ್ಲ; ಸಾಮಾನ್ಯ ಮನೆಯ ಹುಡುಗಿ ರಾಜಕುಮಾರ ಬರುತ್ತಾನೆಂದು ಕಾಯಬಹುದು, ಅಪರೂಪಕ್ಕೆ ಬಂದೂ ಬಿಡಬಹುದು. ಗಣಿತಜ್ಞ ರಾಮಾನುಜನ್ ತನ್ನ ಸೂತ್ರಗಳು ಮನೆದೇವತೆ ನಾಮಗಿರಿ ತಾಯಿಯ ಕೃಪೆ ಎನ್ನುತ್ತಿದ್ದರು. ಎಷ್ಟೋ ಸೂತ್ರಗಳಿಗೆ ಗಣಿತಜ್ಞರು ಆಮೇಲೆ ಸಾಧನೆ (ಪ್ರೂಫ್) ಬರೆದರು. ಹುಟ್ಟಿದ್ದು ಹೇಗಾದರೂ ಇರಲಿ, ನಿಂತದ್ದು ಸಾಧನೆಯ ಬಲದ ಮೇಲೆ.

ಮಗನಿಗೆ ಇರುವ ಗಟ್ಟಿ ವಾದ ಇಲ್ಲೇ ಶುರುವಾಗುತ್ತದೆ. ಸೂತ್ರವನ್ನು ಬೇರೆ ದಾರಿಯಿಂದ ತಾಳೆ ನೋಡಬಹುದು. ದೇವರ ನಂಬಿಕೆಗೆ ಆ ಬೇರೆ ದಾರಿ ಯಾವುದು?

ಅವನು ಓದಿರುವುದು ಬಹುಶಃ ಸ್ಟುವರ್ಟ್ ಗತ್ರಿ, ಜಸ್ಟಿನ್ ಬ್ಯಾರೆಟ್ ಮುಂತಾದ ಸಂಶೋಧಕರ ವಿಚಾರ. ರಾತ್ರಿ ತೊಗರಿ ಹೊಲ ಕಾಯುವವನಿಗೆ ಸಾಲಿನಲ್ಲಿ ಸರಸರ ಸಪ್ಪಳ ಕೇಳಿದರೆ ಮೊದಲು ಬರುವ ಯೋಚನೆ ‘ಯಾರೋ ಇದ್ದಾರ’. ಬೀಸುವ ಗಾಳಿಯನ್ನು ಹಂದಿ ಅಂದುಕೊಂಡರೆ ಹೋಗುವುದು ಅರ್ಧ ನಿಮಿಷದ ನಿದ್ದೆ, ಹಂದಿಯನ್ನು ಗಾಳಿ ಅಂದುಕೊಂಡರೆ ಹೋಗುವುದು ಬೆಳೆ. ಆದ್ದರಿಂದ ಮೆದುಳು ಇಲ್ಲದವರನ್ನೂ ‘ಇದ್ದಾರೆ’ ಎನ್ನುವ ಕಡೆಗೆ ವಾಲಿದೆ, ದೇವರ ಕಲ್ಪನೆಗೆ ಇದೇ ಬೇರು ಎಂಬುದು ಅವರ ವಾದ. ಕೇಳಲು ಚೆಂದ. ಆದರೆ ಸಪ್ಪಳದಿಂದ ದೇವರವರೆಗಿನ ದಾರಿಗೆ ಪ್ರಯೋಗದ ಆಧಾರ ಇನ್ನೂ ತೆಳುವಾಗಿದೆ, ಆ ಕ್ಷೇತ್ರದವರಲ್ಲೇ ತಕರಾರಿದೆ. ಇನ್ನೊಂದು ಮಾತು: ಬ್ಯಾರೆಟ್ ಸ್ವತಃ ದೇವರನ್ನು ನಂಬುವ ಕ್ರೈಸ್ತ. ತನ್ನ ಸಿದ್ಧಾಂತಕ್ಕೂ ತನ್ನ ನಂಬಿಕೆಗೂ ಜಗಳ ಅವನಿಗೆ ಕಂಡಿಲ್ಲ.

ಇಂಥ ವಾದವನ್ನು ಮನೆಯಲ್ಲಿ ಪರೀಕ್ಷಿಸುವಾಗ ಮೊದಲು ನಂಬಿಕೆಯನ್ನು ಬಿಡಿ ಮಾಡಿ. ‘ದೇವರಿದ್ದಾನೆ’ ಬೇರೆ, ‘ಸಂಗಮದ ಸ್ನಾನದಿಂದ ಗಾಳಿ ಬಿಟ್ಟಿತು’ ಬೇರೆ. ಆಮೇಲೆ ಕೇಳಿ: ಈ ಮಾತು ಸುಳ್ಳಾಗಿದ್ದರೂ ಇದೇ ನಂಬಿಕೆ ಹುಟ್ಟುತ್ತಿತ್ತೇ? ಎರಡನೆಯದಕ್ಕೆ ಹೌದು ಎನ್ನಬೇಕಾಗುತ್ತದೆ. ಸುತ್ತ ಹತ್ತು ಜನ ಕಿರುಚುವಾಗ, ನಿರೀಕ್ಷೆ ಕಟ್ಟಿಕೊಂಡು ಹೋದವರಿಗೆ, ಗಾಳಿ ಎಂಬುದೇ ಇರದಿದ್ದರೂ ಮೈ ಹಗುರಾಗಬಹುದು. ಹಾಗಾಗಿ ಆ ಅನುಭವ ಬೇರೆಯವರ ಮುಂದೆ ಪುರಾವೆ ಆಗಲಾರದು.

ಇದೇ ಪ್ರಶ್ನೆಯನ್ನು ‘ದೇವರಿದ್ದಾನೆ’ ಎಂಬುದಕ್ಕೆ ಹಚ್ಚಿದರೆ ಅಳತೆಗೋಲೇ ಮುರಿಯುತ್ತದೆ. ದೇವರು ಇಲ್ಲದಿದ್ದರೆ ಜಗತ್ತೇ ಇಲ್ಲ, ನಂಬುವ ಮೆದುಳೂ ಇಲ್ಲ ಎನ್ನುತ್ತಾನೆ ಆಸ್ತಿಕ. ಎಲ್ಲವೂ ಹೀಗೇ ಇರುತ್ತಿತ್ತು ಎನ್ನುತ್ತಾನೆ ನಾಸ್ತಿಕ. ಇಬ್ಬರೂ ಸಾಧಿಸಬೇಕಾದದ್ದನ್ನೇ ಮೊದಲೇ ಒಪ್ಪಿಕೊಂಡು ಮಾತಾಡುತ್ತಿದ್ದಾರೆ.

ಹಾಗಾದರೆ ಸಾಧಿಸುವ ಹೊಣೆ ಯಾರದು? ಯಾವ ತಿಳಿವನ್ನು ಸರಿ ಎನ್ನಬೇಕು ಎಂದು ಚರ್ಚಿಸುವ ನಮ್ಮ ಪ್ರಮಾಣಶಾಸ್ತ್ರ ಜಗಳಾಡಿದ್ದು ಇದಕ್ಕೇ. ಜ್ಞಾನ ಹುಟ್ಟುತ್ತಲೇ ಪ್ರಮಾಣ, ಅದಕ್ಕೆ ವಿರುದ್ಧವಾದದ್ದು ಗೊತ್ತಾಗುವವರೆಗೆ ಅಥವಾ ಅದರ ಕಾರಣದಲ್ಲಿ ದೋಷ ಕಾಣುವವರೆಗೆ ಅದನ್ನು ಬಿಡಬೇಕಿಲ್ಲ ಎಂದ ವೇದದ ಅರ್ಥ ವಿಚಾರಿಸುವ ಮೀಮಾಂಸಾ ಪಂಥದ ಕುಮಾರಿಲ. ಹಾಗಲ್ಲ, ಜ್ಞಾನ ಸರಿ ಎಂಬುದು ಹೊರಗಿನಿಂದ ತಿಳಿಯಬೇಕು ಎಂದರು ತರ್ಕದ ನ್ಯಾಯ ಪಂಥದವರು, ಅಂದರೆ ನೈಯಾಯಿಕರು. ನಿಮ್ಮ ತಾಯಿ ಮೀಮಾಂಸಕಿ, ಮಗ ನೈಯಾಯಿಕ! ತಮಾಷೆ ಎಂದರೆ, ಕುಮಾರಿಲ ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪಿದವನೇ ಅಲ್ಲ. ತರ್ಕದ ಬಲದಿಂದ ಈಶ್ವರನನ್ನು ಸಾಧಿಸಲು ಹೊರಟವನು ನೈಯಾಯಿಕ ಉದಯನ. ಮಗ ಮಾಡಬೇಕಾದ ಕೆಲಸ ಕುಮಾರಿಲ ಹೇಳಿದ ಎರಡನೆಯದು, ಕಾರಣದಲ್ಲಿ ದೋಷ ತೋರಿಸುವುದು. ‘ಕಾರಣ ಮೆದುಳಿನಲ್ಲಿದೆ’ ಅಂದರೆ ದೋಷ ತೋರಿಸಿದಂತಲ್ಲ. ಕಣ್ಣಿನ ಕೆಲಸಕ್ಕೂ ಮೆದುಳೇ ಬೇಕು.

ತತ್ತ್ವಶಾಸ್ತ್ರ ಬಿಟ್ಟು ಒಂದು ಮಾತು. ಮೈಮೇಲೆ ಬಂದು ಬಿಟ್ಟುಹೋಗುವುದು ರೂಢಿಯ ಆಚರಣೆಯ ಭಾಗವಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಅದನ್ನು ರೋಗ ಎನ್ನುವುದಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಅದು ಬೇಡವೆಂದರೂ ಮತ್ತೆ ಮತ್ತೆ ಬರುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮುಂದಿನ ಹುಣ್ಣಿಮೆಗೆ ಕಾಯಬೇಡಿ. ಮನೋವೈದ್ಯರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮೆದುಳು ನಂಬಲಿಕ್ಕ ಬರಲ್ಲ ಅಂದ್ರ ವಿಜ್ಞಾನ ಕಟ್ಟಿದ್ದೂ ಅದೇ ಮೆದುಳಲ್ಲ?
(ಬೀದರ್)

ಉತ್ತರ: ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1902ರಲ್ಲಿ ಹೀಗೇ ಕೇಳಿದ್ದ. ಸಂತನ ದರ್ಶನಕ್ಕೆ ಶರೀರ ಕಾರಣವಾದರೆ ನಾಸ್ತಿಕನ ವಾದಕ್ಕೂ ಶರೀರವೇ ಕಾರಣ. ಆಸ್ತಿಕ ತತ್ತ್ವಜ್ಞಾನಿ ಪ್ಲಾಂಟಿಂಗ ಇದನ್ನು ಇನ್ನೂ ಬಿಗಿ ಮಾಡಿದ: ವಿಕಾಸಕ್ಕೆ ಬೇಕಾದದ್ದು ಬದುಕಿ ಉಳಿಯುವ ನಡವಳಿಕೆ, ಸತ್ಯ ಅಲ್ಲ; ಬರೀ ವಿಕಾಸ ಕಟ್ಟಿದ ಮೆದುಳನ್ನು ನಂಬುವುದು ಹೇಗೆ? ಪ್ರಶ್ನೆ ಚುರುಕಾಗಿದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಹಳ್ಳದ ಆಳ ತಪ್ಪಾಗಿ ನೋಡಿದವನು ಮುಳುಗುತ್ತಾನೆ, ತಪ್ಪಿಗೆ ಅಲ್ಲೇ ದಂಡ ಬೀಳುತ್ತದೆ. ಮೇಲಾಗಿ ವಿಜ್ಞಾನ ಒಬ್ಬರ ಮೆದುಳನ್ನು ನಂಬಿ ಕೂರುವುದಿಲ್ಲ. ಥರ್ಮಾಮೀಟರ್ ಬೇರೆ ಇಡುತ್ತದೆ, ಪ್ರಯೋಗವನ್ನು ಬೇರೆಯವರ ಕೈಯಲ್ಲೂ ಮಾಡಿಸುತ್ತದೆ. ಕಾಣದ ದೇವರ ವಿಷಯದಲ್ಲಿ ತಪ್ಪಿದರೆ ತಿದ್ದುವ ಇಂಥ ಏರ್ಪಾಡು ಏನಿದೆ ಎಂದು ಆಸ್ತಿಕರು ಹೇಳಬೇಕಾಗುತ್ತದೆ.

ಪ್ರಶ್ನೆ: ಮೈಲಾಪುರ ಮಲ್ಲಯ್ಯನ ಜಾತ್ರಿಗಿ ಎಲ್ಲಾರೂ ಒಂದಾಗ್ತಾರ. ದೇವರು ಅಂದ್ರ ಇಷ್ಟೇ, ಜನ ಕೂಡಿಸಲಿಕ್ಕ ಮಾಡಿದ್ದು ಅನ್ನಬಹುದಾ?
(ಯಾದಗಿರಿ)

ಉತ್ತರ: ಸಮಾಜಶಾಸ್ತ್ರಜ್ಞ ಡರ್ಕೈಮ್ 1912ರಲ್ಲಿ ಹೆಚ್ಚುಕಡಿಮೆ ಹೀಗೇ ಅಂದ: ಜನ ಪೂಜಿಸುವುದು ಗೊತ್ತಿಲ್ಲದೆ ತಮ್ಮ ಸಮಾಜವನ್ನೇ. ‘ಕೂಡಿಸುತ್ತದೆ’ ಎಂಬುದು ಸರಿ, ‘ಕೂಡಿಸಲಿಕ್ಕೆ ಮಾಡಿದ್ದು’ ಎಂಬುದನ್ನು ಬೇರೆಯಾಗಿ ಸಾಧಿಸಬೇಕು, ‘ಇಷ್ಟೇ’ ಎಂಬುದಕ್ಕೆ ಇವೆರಡೂ ಸಾಲವು. ಕಟ್ಟೆಯ ಮೇಲೆ ಜನ ಕೂಡಿ ಹರಟುತ್ತಾರೆ, ಮರ ಚಿಗುರಿದ್ದು ಅದಕ್ಕಲ್ಲ. ಇನ್ನು ಹರಕೆ ಹೊತ್ತು ಬಂದವರನ್ನು ಕೇಳಿದರೆ ‘ಊರು ಒಂದಾಗಲಿ ಅಂತ ಬಂದೆ’ ಎನ್ನುವವರು ಕಡಿಮೆ. ಮಗ ಗುಣ ಆಗಲಿ, ಮಳೆ ಬರಲಿ ಎನ್ನುತ್ತಾರೆ. ಆ ಮಾತು ನಿಜವೋ ಸುಳ್ಳೋ ಎಂಬುದನ್ನು ಡರ್ಕೈಮನ ವಿವರಣೆ ಮುಟ್ಟುವುದೇ ಇಲ್ಲ.