ನನ್ನ ವರ್ಡ್‌ಪ್ರೆಸ್ ಸೈಟಿನ ಕೆಟಗರಿ ಪುಟಗಳಲ್ಲಿ ಮಾತ್ರ ಮೆನು ಮಾಯವಾಗುತ್ತಿದೆ, ಯಾವ ಮೆನು ಪ್ಲಗಿನ್‌ಗೆ ಬದಲಾಯಿಸಲಿ?

ಯಾವುದಕ್ಕೂ ಬದಲಾಯಿಸಬೇಡಿ. ಮುಖಪುಟದಲ್ಲಿ ಮೆನು ಸರಿಯಾಗಿದೆ, ಕೆಟಗರಿ ಪುಟದಲ್ಲಿ ಖಾಲಿ, ಪೋಸ್ಟ್‌ಗಳನ್ನು ಸೋಸಿ ತೋರಿಸುವ ಪ್ಲಗಿನ್ ಹಾಕಿದ ಮೇಲೆ ಶುರುವಾಯಿತು ಅಂತೀರಿ. ಹಾಗಿದ್ದರೆ ಮೆನು ಪ್ಲಗಿನ್‌ದು ಏನೂ ತಪ್ಪಿಲ್ಲ ಅಂತಲೇ ನನ್ನ ಲೆಕ್ಕ. ನನ್ನ ವರ್ಡ್‌ಪ್ರೆಸ್ ಸೈಟಿಗೂ ಇದೇ ಆಗಿತ್ತು.

ನನಗೂ ಮೊದಲು ಗುಮಾನಿ ಬಂದಿದ್ದು ಮೆನು ಪ್ಲಗಿನ್ ಮೇಲೇ. ಕಾಣದೆ ಹೋಗಿರೋದು ಮೆನು ತಾನೇ? ಅದನ್ನು ಡಿಆಕ್ಟಿವೇಟ್ ಮಾಡಿದೆ. ಆಗ ಥೀಮಿನ ಸಾದಾ ಮೆನುವಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಕಾರಣ ಬೇರೆ ಕಡೆ ಇದೆ ಅಂತ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಹೊಸದಾಗಿ ಹಾಕಿದರೆ ಸರಿಹೋಗುತ್ತೆ ಅಂತ ಡಿಲೀಟ್ ಒತ್ತಿಬಿಟ್ಟೆ.

ಇದನ್ನು ಬಿಡಿಸಿ ಹೇಳಲೇಬೇಕು. ಡಿಆಕ್ಟಿವೇಟ್ ಮಾಡಿದರೆ ಪ್ಲಗಿನ್‌ನ ಕೋಡ್ ಓಡುವುದು ನಿಲ್ಲುತ್ತದೆ, ಅಷ್ಟೇ. ಸೆಟ್ಟಿಂಗ್‌ಗಳು ಡೇಟಾಬೇಸ್‌ನಲ್ಲಿ ಹಾಗೇ ಇರುತ್ತವೆ. ಡಿಲೀಟ್ ಒತ್ತಿದರೆ ಪ್ಲಗಿನ್ ಜೊತೆ ಬಂದ ಅನ್‌ಇನ್‌ಸ್ಟಾಲ್ ಕೋಡನ್ನೂ ವರ್ಡ್‌ಪ್ರೆಸ್ ಓಡಿಸುತ್ತದೆ. ಎಲ್ಲ ಅಳಿಸು ಅಂತ ಅದರಲ್ಲಿ ಬರೆದಿದ್ದರೆ ಎಲ್ಲ ಹೋಯಿತು. ನನ್ನದರಲ್ಲಿ ಬರೆದಿತ್ತು. ಐಕಾನ್, ಕಾಲಂ, ಒಂದೊಂದು ಉಪಮೆನುವಿಗೂ ಕೊಟ್ಟ ಬಣ್ಣ, ಮೊಬೈಲಿಗೆ ಮಾಡಿದ್ದ ಬೇರೆ ಜೋಡಣೆ, ಯಾವುದೂ ಉಳಿಯಲಿಲ್ಲ. ಲಿಂಕುಗಳು ಮಾತ್ರ ಉಳಿದವು, ಅವನ್ನು ಇಟ್ಟುಕೊಳ್ಳುವುದು ವರ್ಡ್‌ಪ್ರೆಸ್ಸೇ. ಬ್ಯಾಕಪ್ ಹಳೆಯದು. ಅದನ್ನು ಹಾಕಿದರೆ ಆಮೇಲೆ ಬರೆದ ಪೋಸ್ಟ್‌ಗಳು ಹೋಗುತ್ತಿದ್ದವು. ಎಲ್ಲವನ್ನೂ ಕೈಯಾರೆ ಮತ್ತೆ ಕಟ್ಟಿದೆ. ಕಟ್ಟಿ ಮುಗಿಸಿ ಕೆಟಗರಿ ಪುಟ ತೆರೆದರೆ ಮೆನು ಮತ್ತೆ ಖಾಲಿ!

ನಿಜವಾದ ಕಾರಣ ಇದು. ಮೆನುವಿನ ಪ್ರತಿ ಲಿಂಕನ್ನೂ ವರ್ಡ್‌ಪ್ರೆಸ್ ಪೋಸ್ಟ್‌ಗಳ ಟೇಬಲ್‌ನಲ್ಲೇ ಇಡುತ್ತದೆ, 'ನ್ಯಾವ್ ಮೆನು ಐಟಂ' ಅನ್ನುವ ಪೋಸ್ಟ್ ಟೈಪಿನಲ್ಲಿ. ಡೇಟಾಬೇಸ್‌ನಿಂದ ಏನಾದರೂ ತಾ ಅಂತ ಕೇಳುವುದೇ ಕ್ವೆರಿ. ಕ್ವೆರಿ ಓಡುವ ಮೊದಲು ಅದನ್ನು ಬದಲಿಸಲು ಪ್ಲಗಿನ್‌ಗಳಿಗೆ ವರ್ಡ್‌ಪ್ರೆಸ್ ಕೊಡುವ ಕೊಂಡಿ 'ಪ್ರಿ ಗೆಟ್ ಪೋಸ್ಟ್ಸ್' ಹುಕ್. ಸೋಸುವ ಪ್ಲಗಿನ್ ಅದನ್ನು ಹಿಡಿದುಕೊಂಡು, ಕೆಟಗರಿ ಪುಟದ ಎಲ್ಲ ಕ್ವೆರಿಗಳಿಗೂ ಲೇಖನಗಳನ್ನು ಮಾತ್ರ ತಾ ಅನ್ನುತ್ತಿತ್ತು. ಮೆನು ತರುವ ಕ್ವೆರಿಗೂ ಅದೇ ಅಪ್ಪಣೆ. ಇನ್ನು ಲಿಂಕು ಎಲ್ಲಿಂದ ಬರಬೇಕು? ಆ ಕೋಡಿನಲ್ಲಿ 'ಈಸ್ ಮೇನ್ ಕ್ವೆರಿ' ಅನ್ನುವ, ಇದು ಪುಟದ ಮುಖ್ಯ ಕ್ವೆರಿಯೇ ಅಂತ ನೋಡುವ ಪರೀಕ್ಷೆ ಸೇರಿಸಿದ ಕೂಡಲೇ ಮೆನು ಬಂತು.

ನೀವು ಹೀಗೆ ಮಾಡಿ. 'ಹೆಲ್ತ್ ಚೆಕ್ ಆಂಡ್ ಟ್ರಬಲ್‌ಶೂಟಿಂಗ್' ಪ್ಲಗಿನ್ ಹಾಕಿ, ಟ್ರಬಲ್‌ಶೂಟಿಂಗ್ ಮೋಡ್‌ಗೆ ಹೋಗಿ. ಪ್ಲಗಿನ್‌ಗಳು ನಿಮಗೆ ಮಾತ್ರ ಆಫ್ ಆಗುತ್ತವೆ, ಓದುಗರಿಗೆ ಸೈಟು ಎಂದಿನಂತೆಯೇ ಕಾಣುತ್ತದೆ. ಅಲ್ಲಿ ಡೀಫಾಲ್ಟ್ ಥೀಮ್ ಬಂದಿರುತ್ತೆ, ನಿಮ್ಮ ಥೀಮನ್ನೇ ವಾಪಸ್ ಆರಿಸಿ, ಇಲ್ಲದಿದ್ದರೆ ಸುಮ್ನೆ ಗೊಂದಲ. ಆಮೇಲೆ ಸೋಸುವ ಪ್ಲಗಿನ್ ಒಂದನ್ನೇ ಆನ್ ಮಾಡಿ. ಮೆನು ಹೋಯಿತೋ, ಕಳ್ಳ ಸಿಕ್ಕಿದ. ಡಿಲೀಟ್ ಬಟನ್ ಕಡೆ ಮಾತ್ರ ಕೈ ಹೋಗಬಾರದು.

ಮೊಬೈಲ್‌ನಲ್ಲಿ ಮೆನು ಬಟನ್ ಒತ್ತಿದರೂ ತೆರೆಯದಿದ್ದರೆ ಅದು ಬೇರೆ ರೋಗ, ಜಾಸ್ತಿ ಸಲ ಜಾವಾಸ್ಕ್ರಿಪ್ಟ್‌ದು. ಬ್ರೌಸರ್ ಕನ್ಸೋಲ್‌ನಲ್ಲಿ, ಅಂದರೆ ಪುಟದ ತಪ್ಪುಗಳನ್ನು ತೋರಿಸುವ ಕಿಟಕಿಯಲ್ಲಿ, ಕೆಂಪು ಸಾಲು ನೋಡಿ. ಹಳೆಯ ಜಾವಾಸ್ಕ್ರಿಪ್ಟ್ ಕೋಡ್ ಓಡುವಂತೆ ನೋಡಿಕೊಳ್ಳುವ ಜೆಕ್ವೆರಿ ಮೈಗ್ರೇಟ್ ತಾನಾಗೇ ಲೋಡ್ ಆಗೋದನ್ನ ವರ್ಡ್‌ಪ್ರೆಸ್ 2020ರಲ್ಲಿ 5.5ನೇ ಆವೃತ್ತಿಯಲ್ಲಿ ನಿಲ್ಲಿಸಿದಾಗ ಎಷ್ಟೋ ಹಳೆಯ ಪ್ಲಗಿನ್‌ಗಳು ಹಾಗೇ ಕೆಟ್ಟಿದ್ದವು.

ಪ್ಲಗಿನ್‌ನ ಕೋಡನ್ನು ನೀವೇ ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತೆ. ಹಾಗಾಗಿ ಅದನ್ನು ಬರೆದವರಿಗೆ ತಿಳಿಸಿ. 'ಮೆನು ಬರ್ತಿಲ್ಲ' ಅಂತಷ್ಟೇ ಬರೆಯಬೇಡಿ, ಪ್ರಿ ಗೆಟ್ ಪೋಸ್ಟ್ಸ್ ಒಳಗೆ ಮುಖ್ಯ ಕ್ವೆರಿಯ ಪರೀಕ್ಷೆ ಇಲ್ಲ ಅಂತ ಬರೆಯಿರಿ. ಅವರು ಸರಿಮಾಡುವವರೆಗೆ ಆ ಪ್ಲಗಿನ್ ಆಫ್ ಇರಲಿ.