ತುಫಾನಿನಾಗ ಹಡಗ ಬಂದರ ಬಿಟ್ಟು ಯಾಕ ಹೋಗ್ತದ?

ಯಾದಗಿರಿ ಅಕ್ಕಾರ, ಚಂಡಮಾರುತ ಬರೂ ಹೊತ್ತಿನಾಗ ಮಗನ ಹಡಗ ಬಂದರ ಬಿಟ್ಟು ಸಮುದ್ರಕ್ಕ ಯಾಕ ಹೋಯ್ತು ಅಂತ ಗಾಬರಿಯಾಗಿ ಕೇಳೀರಿ. ನಾನು ಕಲಬುರಗಿಯಾಂವ, ಹನ್ನೊಂದು ವರ್ಷ ಸರಕಿನ ಹಡಗಿನ ಡೆಕ್ ಮ್ಯಾಲ ದುಡದೀನಿ. ಅವರು ಮಾಡಿದ್ದು ಸರಿನೇ ಅದರಿ.

ಗೂಟಕ್ಕ ಕಟ್ಟಿದ ಎತ್ತು ಬೆದರಿದ್ರ ಹಗ್ಗ ಹರೀತದ, ಇಲ್ಲಾ ತನಗೇ ಗಾಯ ಮಾಡ್ಕೋತದ. ಹಡಗಿಂದೂ ಹಂಗೇ. ಗಾಳಿ ವೇಗ ಎರಡು ಪಟ್ಟಾದ್ರ ಅದರ ಒತ್ತಡ ನಾಲ್ಕು ಪಟ್ಟಾಗ್ತದ. ನೀರು ಏರಿ ಹಡಗ ಮ್ಯಾಲೆದ್ದಾಗ ಮುಂಗೈ ಗಾತ್ರದ ಹಗ್ಗ ಬಿಗಿದು, ಹಿಂಡಿದಂಗ ನೀರು ಚಿಮ್ಮೂದು ನಾ ಕಣ್ಣಾರೆ ನೋಡೀನಿ. ಅದು ಹರಿದು ತಿರುಗಿ ಬಡದ್ರ ಮನುಷ್ಯಾ ಉಳಿಯೂದಿಲ್ರಿ. 1998ರ ಜೂನ್‌ನಾಗ ಗುಜರಾತಿನ ಕಾಂಡ್ಲಾ ಬಂದರಿಗೆ ಚಂಡಮಾರುತ ಬಡದಾಗ ಹಲವು ಹಡಗ ದಂಡಿಗೆ ಏರಿಬಿಟ್ಟಿದ್ದವು.

ಹೊರಗಾದ್ರ ಮೂತಿ ಗಾಳಿಗೆ ಕೊಟ್ಟು, ಇಂಜಿನ್ ಚಾಲೂ ಇಟ್ಟು, ತುಫಾನಿನ ದಾರಿ ತಪ್ಪಿಸಲಿಕ್ಕೆ ಜಾಗ ಇರ್ತದ. ಆದ್ರ ಮೊದಲೇ ಹೊರಡಬೇಕು, ತಡ ಮಾಡಿದ್ರ ಅದೇ ಅಪಾಯ. ಇಂಜಿನ್ ಬಿಚ್ಚಿಟ್ಟ ಹಡಗ ಮಾತ್ರ ಒಳಗೇ ಉಳೀತದ. ಅದಕ್ಕ ಹೆಚ್ಚಿನ ಹಗ್ಗ ಕಟ್ಟಿ, ಟ್ಯಾಂಕಿಗೆ ನೀರು ತುಂಬಿಸಿ ಭಾರ ಮಾಡ್ತಾರ, ರಾತ್ರಿಯೆಲ್ಲಾ ಹಗ್ಗ ಕಾಯ್ತಾರ.

ಮಗನ ಫೋನು ಎರಡು ಮೂರು ದಿನ ಹತ್ತಲಿಕ್ಕಿಲ್ಲ, ಅಂಜಬ್ಯಾಡ್ರಿ. ಅವನ ಕಂಪನಿ ಆಫೀಸಿಗೆ ಕೇಳ್ರಿ, ಸ್ಯಾಟಲೈಟ್ ಮ್ಯಾಲ ಅವರಿಗೆ ಸುದ್ದಿ ಬರ್ತಿರ್ತದ.