ಸರ್ಕಾರ ಬದಲಾಯ್ತು, ನನ್ನ ಡಿಗ್ರಿ ಕಥೆ ಏನು?

ಈ ತಿಂಗಳ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಜಾತಿಯವು. ಹಿಂದಿನ ಸರ್ಕಾರ ಒಂದು ಮಾಡಿತ್ತು, ಈಗಿನದು ಇನ್ನೊಂದು ಮಾಡಿದೆ, ನಡುವೆ ಸಿಕ್ಕಿಕೊಂಡ ನಾವೇನು ಮಾಡೋಣ ಅಂತ. ಹಾಗಾಗಿ ಈ ಸಲ ಅವನ್ನೇ ಆರಿಸಿಕೊಂಡಿದ್ದೇನೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಯಾವ ಪಕ್ಷದ ಸರ್ಕಾರ ಬಂದರೂ ಅದರ ಸುತ್ತೋಲೆ ಓದಿ, ಸಹಿ ಹಾಕಿ, ಟೈಮ್‌ಟೇಬಲ್ ಅಳಿಸಿ ಮತ್ತೆ ಬರೆದಿದ್ದೇನೆ. ಆ ಅನುಭವದ ಮೇಲೆ ಉತ್ತರ.

ಮೇಡಂ, ನಾನು 2021ರಲ್ಲಿ ಬಿ.ಎಸ್ಸಿ ಸೇರಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಮೊದಲ ಬ್ಯಾಚು. ನಾಲ್ಕನೇ ವರ್ಷ ಆನರ್ಸ್ ಕೂಡ ಮುಗಿಸಿದೆ. ನನ್ನ ತಮ್ಮ 2024ರಲ್ಲಿ ಸೇರಿದ, ಅವನಿಗೆ ಮೂರೇ ವರ್ಷ. ನಾನು ಸುಮ್ನೆ ಒಂದು ವರ್ಷ ಕಳೆದುಕೊಂಡೆನಾ? ಮುಂದೆ ನನ್ನ ಡಿಗ್ರಿಗೆ ಬೆಲೆ ಇದೆಯಾ?
*ವಿದ್ಯಾರ್ಥಿ, ಹಾಸನ*

ಕಳೆದುಕೊಂಡಿಲ್ಲಪ್ಪ. ಆದರೆ ಆ ವರ್ಷದ ಲಾಭ ತಾನಾಗಿ ಕೈಗೆ ಬರುವುದಿಲ್ಲ, ನೀವೇ ಹೋಗಿ ಕೇಳಿ ತೆಗೆದುಕೊಳ್ಳಬೇಕು.

ಮೊದಲು ಆಗಿದ್ದೇನು ನೋಡೋಣ. ಕೇಂದ್ರ ಸಂಪುಟ ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ಕೊಟ್ಟಿದ್ದು 2020ರ ಜುಲೈನಲ್ಲಿ. ಮರುವರ್ಷ ಆಗಸ್ಟ್‌ನಲ್ಲೇ ಕರ್ನಾಟಕ ಅದನ್ನು ಜಾರಿಗೆ ತಂದಿತು, ದೇಶದಲ್ಲೇ ಮೊದಲು ಅಂತ ಹೇಳಿಕೊಂಡಿತು. ಅವಸರ ಎಷ್ಟಿತ್ತು ಅಂದರೆ ನಾವು ಅಡ್ಮಿಷನ್ ಶುರು ಮಾಡಿದಾಗ ಮುಂದಿನ ಸೆಮಿಸ್ಟರಿನ ಸಿಲಬಸ್ ಇನ್ನೂ ಕೈಗೆ ಬಂದಿರಲಿಲ್ಲ. 2023ರ ಮೇನಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗ ಬಂತು. ಅದರ ಮಧ್ಯಂತರ ವರದಿ ಇಟ್ಟುಕೊಂಡು 2024ರ ಮೇನಲ್ಲಿ ಮೂರು ವರ್ಷದ ಡಿಗ್ರಿ ವಾಪಸ್ ತಂದರು. ಆದರೆ ಅದೇ ಆದೇಶದಲ್ಲಿ, ಎನ್‌ಇಪಿಯಡಿ ಆಗಲೇ ಸೇರಿದ್ದವರಿಗೆ ನಾಲ್ಕನೇ ವರ್ಷದ ಆಯ್ಕೆ ಉಳಿಸಿದರು. ನಿಮ್ಮ ಆನರ್ಸ್ ನಿಂತಿರುವುದು ಆ ಸಾಲಿನ ಮೇಲೆ. ಆದೇಶದ ಪ್ರತಿ ಇಟ್ಟುಕೊಳ್ಳಿ.

ನಿಮ್ಮದು ಹೊಸ ಕಥೆಯೇನಲ್ಲ. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಡಿಗ್ರಿ ಶುರು ಮಾಡಿತು. ಆಗ ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ. 2014ರ ಮೇನಲ್ಲಿ ಸರ್ಕಾರ ಬದಲಾಯಿತು, ಜೂನ್‌ನಲ್ಲಿ ಯುಜಿಸಿ ಅದನ್ನು ಕೈಬಿಡಲು ಹೇಳಿತು, ಅದೇ ತಿಂಗಳು ವಿಶ್ವವಿದ್ಯಾಲಯ ಕೈಬಿಟ್ಟಿತು. ಒಂದು ವರ್ಷ ಫೌಂಡೇಶನ್ ಕೋರ್ಸ್ ಓದಿದ ಮಕ್ಕಳು ಉಳಿದದ್ದನ್ನು ಎರಡು ವರ್ಷಕ್ಕೆ ತುರುಕಿಕೊಂಡು ಮುಗಿಸಬೇಕಾಯಿತು. ಆಮೇಲೆ 2022ರಲ್ಲಿ ಅದೇ ದೆಹಲಿಯಲ್ಲಿ, 2014ರಲ್ಲಿ ಬೇಡ ಎಂದ ಪಕ್ಷವೇ ಕೇಂದ್ರದಲ್ಲಿದ್ದಾಗ, ನಾಲ್ಕು ವರ್ಷ ವಾಪಸ್ ಬಂತು. ಇತ್ತ 2013ರಲ್ಲಿ ಅಲ್ಲಿ ಆಳುತ್ತಿದ್ದ ಪಕ್ಷ 2024ರಲ್ಲಿ ಕರ್ನಾಟಕದಲ್ಲಿ ಬೇಡ ಎಂದಿತು. ನಾಲ್ಕು ವರ್ಷದ ಡಿಗ್ರಿ ಯಾವ ಪಕ್ಷದ ಸಿದ್ಧಾಂತ ಅಂತ ಯಾರಾದರೂ ಕೇಳಿದರೆ ನನಗಂತೂ ಉತ್ತರ ಹೊಳೆಯುವುದಿಲ್ಲ.

ಈಗ ನಿಮ್ಮ ಕೆಲಸದ ಮಾತು. ಯುಜಿಸಿಯ 2022ರ ಪಿಎಚ್.ಡಿ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ 75 ಇದ್ದರೆ ಎಂ.ಎಸ್ಸಿ ಇಲ್ಲದೆಯೇ ಪಿಎಚ್.ಡಿಗೆ ಅರ್ಜಿ ಹಾಕಬಹುದು. ಮೀಸಲಾತಿಯವರಿಗೆ ಶೇ 5 ಸಡಿಲಿಕೆ ಇದೆ. ಯುಜಿಸಿ 2024ರಲ್ಲಿ ಹೊರಡಿಸಿದ ಪಿಜಿ ಚೌಕಟ್ಟಿನಲ್ಲಿ ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಪಿಜಿ ಕೂಡ ಇದೆ. ಇವು ಕೇಂದ್ರದ ನಿಯಮಗಳು, ವಿಧಾನಸೌಧದಲ್ಲಿ ಕುರ್ಚಿ ಬದಲಾದರೆ ಅಳಿಸಿಹೋಗುವುದಿಲ್ಲ. ಒಂದು ವರ್ಷದ ಪಿಜಿಯನ್ನು ಆಯಾ ವಿಶ್ವವಿದ್ಯಾಲಯ ತೆರೆಯಬೇಕು ಅಷ್ಟೇ. ನೀವು ಸೇರಬೇಕೆಂದಿರುವ ಕಡೆ ಅದಿದೆಯಾ ಅಂತ ಈಗಲೇ ಕೇಳಿ. ಫೋನಲ್ಲಿ ಬೇಡ, ಇಮೇಲಿನಲ್ಲಿ ಕೇಳಿ, ಉತ್ತರ ಜೋಪಾನ ಮಾಡಿ.

ಇನ್ನೊಂದು. ನೀವು ಓದಿದ ಎಂಟೂ ಸೆಮಿಸ್ಟರಿನ ಸಿಲಬಸ್ ಪ್ರತಿಗೆ ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿಡಿ. ಶಿಕ್ಷಕರ ನೇಮಕಾತಿಯಂಥ ಕಡೆ ದಾಖಲೆ ಪರಿಶೀಲನೆ ಟೇಬಲ್ಲಿನಲ್ಲಿ ಕೂತವರು ಯಾವ ವಿಷಯವನ್ನು ಎಷ್ಟು ವರ್ಷ ಓದಿದ್ದೀರಿ ಅಂತ ನೋಡುತ್ತಾರೆ. ಹಳೆಯ ಮೂರು ಐಚ್ಛಿಕ ವಿಷಯದ ಅಂಕಪಟ್ಟಿ ನೋಡಿ ಪಳಗಿದ ಕಣ್ಣಿಗೆ ನಿಮ್ಮ ಮೇಜರ್, ಮೈನರ್, ಓಪನ್ ಎಲೆಕ್ಟಿವ್ ಎಲ್ಲ ಗೋಜಲಾಗಿ ಕಾಣುತ್ತದೆ. ಇಂತಹ ಮೂರೇ ಮೂರು ಬ್ಯಾಚು ಕರ್ನಾಟಕದಲ್ಲಿ ಇರುವುದು. ಹತ್ತು ವರ್ಷ ಬಿಟ್ಟು ನಿಮ್ಮ ಅಂಕಪಟ್ಟಿ ಹಿಡಿದು ಇದೇನ್ರೀ ಅಂತ ಕೇಳುವ ಗುಮಾಸ್ತರಿಗೆ ತೋರಿಸಲು ಕಾಗದ ಇರಲಿ.

ನಾನು ಅತಿಥಿ ಉಪನ್ಯಾಸಕಿ, ವಿಷಯ ಇತಿಹಾಸ. ಎನ್‌ಇಪಿ ಇದ್ದಾಗ ಓಪನ್ ಎಲೆಕ್ಟಿವ್‌ನಿಂದ ನನಗೆ ಕಾರ್ಯಭಾರ ಸಿಗುತ್ತಿತ್ತು. ಎಸ್‌ಇಪಿ ಬಂದ ಮೇಲೆ ಲೆಕ್ಕ ತಲೆಕೆಳಗಾಗಿದೆ. ನೀತಿ ಯಾವುದಾದರೂ ಇರಲಿ, ನನ್ನ ಗಂಟೆಗಳು ಯಾಕೆ ಹೋಗಬೇಕು?
*ಓದುಗರು, ಕೊಪ್ಪಳ ಜಿಲ್ಲೆ*

ನಿಮ್ಮ ಪ್ರಶ್ನೆ ಓದಿ ನಮ್ಮ ಸ್ಟಾಫ್ ರೂಮೇ ಕಣ್ಣ ಮುಂದೆ ಬಂತು. ಹೊರಗಿನವರಿಗೆ ಶಿಕ್ಷಣ ನೀತಿ ಅಂದರೆ ಟಿವಿ ಚರ್ಚೆ. ಕಾಲೇಜಿನೊಳಗೆ ಅದು ಕಾರ್ಯಭಾರದ ಪಟ್ಟಿ. ಎನ್‌ಇಪಿಯಲ್ಲಿ ಎರಡು ಮುಖ್ಯ ವಿಷಯ, ಜೊತೆಗೆ ಬೇರೆ ವಿಭಾಗದ ಒಂದು ಓಪನ್ ಎಲೆಕ್ಟಿವ್, 60 ಅಂಕಕ್ಕೆ ಪರೀಕ್ಷೆ, 40 ಆಂತರಿಕ. ಎಸ್‌ಇಪಿಯಲ್ಲಿ ಮತ್ತೆ ಮೂರು ವಿಷಯ, 80ಕ್ಕೆ ಪರೀಕ್ಷೆ, 20 ಆಂತರಿಕ. ಕಾಗದದ ಮೇಲೆ ಸಣ್ಣ ತಿದ್ದುಪಡಿ. ಆದರೆ ಯಾವ ವಿಷಯಕ್ಕೆ ವಾರಕ್ಕೆ ಎಷ್ಟು ಗಂಟೆ ಅನ್ನುವುದು ಬದಲಾದ ಕೂಡಲೇ ಒಬ್ಬರ ಸಂಬಳ ಏರುತ್ತದೆ, ಇನ್ನೊಬ್ಬರ ಕೆಲಸವೇ ಹೋಗುತ್ತದೆ. ಕಾಯಂ ಅಧ್ಯಾಪಕರಿಗೆ ಮೊದಲು ಗಂಟೆ ತುಂಬಿ, ಉಳಿದದ್ದು ನಿಮಗೆ. ಹಾಗಾಗಿ ಕತ್ತರಿ ಬೀಳುವುದು ಯಾವಾಗಲೂ ನಿಮ್ಮ ಕಡೆಯಿಂದಲೇ.

ಓಪನ್ ಎಲೆಕ್ಟಿವ್ ಬಗ್ಗೆ ನನಗೆ ಸಿಟ್ಟೂ ಇತ್ತು, ಪ್ರೀತಿಯೂ ಇತ್ತು. ಎಷ್ಟೋ ಕಡೆ ಖಾಲಿ ಇದ್ದ ಮೇಷ್ಟ್ರ ತರಗತಿಗೆ ಮಕ್ಕಳನ್ನು ತುಂಬಿದ್ದಷ್ಟೇ ಆಯಿತು, ಆಯ್ಕೆ ಅನ್ನೋದು ಹೆಸರಿಗೆ. ಆದರೆ ನಮ್ಮಲ್ಲಿ ಬಿ.ಕಾಂ ಹುಡುಗನೊಬ್ಬ ಇತಿಹಾಸದ ಎಲೆಕ್ಟಿವ್ ತೆಗೆದುಕೊಂಡು, ತನ್ನೂರಿನ ಗುಡಿ ಮುಂದೆ ಬಟ್ಟೆ ಒಗೆಯುತ್ತಿದ್ದ ಕಲ್ಲು ಶಾಸನದ ಕಲ್ಲು ಅಂತ ಪತ್ತೆ ಮಾಡಿ ಫೋಟೋ ತೆಗೆದುಕೊಂಡು ಬಂದ. ಅಕ್ಷರಕ್ಕೆ ಸುಣ್ಣದ ಪುಡಿ ಸವರಿ ಓದಲು ಕೂತಿದ್ದ! ಅಂಥದ್ದನ್ನು ಉಳಿಸಿಕೊಂಡು ಉಳಿದದ್ದನ್ನು ತಿದ್ದಬಹುದಿತ್ತು. ಹೊಸ ಸರ್ಕಾರಗಳಿಗೆ ತಿದ್ದುವುದಕ್ಕಿಂತ ಹೆಸರು ಬದಲಿಸುವುದರಲ್ಲೇ ಆಸಕ್ತಿ ಜಾಸ್ತಿ.

ನಿಮಗೆ ಮಾಡಲು ಇರುವುದು ಇಷ್ಟು. ಈ ಸಾಲಿನ ಕಾರ್ಯಭಾರದ ಪಟ್ಟಿಯನ್ನು ಪ್ರಾಂಶುಪಾಲರ ಬಳಿ ಕೇಳಿ ನೋಡಿ, ಹೊಸ ಸಿಲಬಸ್ ಪಕ್ಕದಲ್ಲಿಟ್ಟು ಗಂಟೆ ಎಣಿಸಿ. ಕೂಡುವಾಗ ತಪ್ಪಾಗುವುದು ನಾನು ಕಂಡ ಹಾಗೆ ಅಪರೂಪವೇನಲ್ಲ. ಗಂಟೆ ನಿಜಕ್ಕೂ ಕಮ್ಮಿ ಇದ್ದರೆ ಅತಿಥಿ ಉಪನ್ಯಾಸಕರಿಗೆ ಕಾಲೇಜು ಹಂಚುವ ಕೌನ್ಸೆಲಿಂಗ್‌ನಲ್ಲಿ ಪಕ್ಕದ ತಾಲ್ಲೂಕಿನ ಕಾಲೇಜನ್ನೂ ನೋಡಿ. ಹಾಂ, ಖಾಲಿ ಹುದ್ದೆಗಳನ್ನು ಕಾಯಂ ತುಂಬಿದ್ದರೆ ನೀತಿ ಬದಲಾದಾಗ ನಿಮಗೆ ಈ ನಡುಕವೇ ಇರುತ್ತಿರಲಿಲ್ಲ. ಆ ವಿಷಯದಲ್ಲಿ ಮಾತ್ರ ಎಲ್ಲ ಸರ್ಕಾರಗಳದ್ದೂ ಒಂದೇ ನೀತಿ.

ಪಠ್ಯಪುಸ್ತಕವೇ ಯಾಕೆ ಎಲ್ಲಕ್ಕಿಂತ ಮೊದಲು ಬದಲಾಗುತ್ತದೆ?
*ಪ್ರೌಢಶಾಲೆ ಕನ್ನಡ ಶಿಕ್ಷಕರು, ತುಮಕೂರು*

ಖರ್ಚು ಕಮ್ಮಿ, ಸದ್ದು ಜಾಸ್ತಿ, ಅದಕ್ಕೆ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, ಅದಕ್ಕೂ ಹಿಂದೆ ಬರಗೂರು ರಾಮಚಂದ್ರಪ್ಪ ಸಮಿತಿಯದ್ದು. 2023ರ ಜೂನ್‌ನಲ್ಲಿ ಹೊಸ ಸಂಪುಟ ಹೆಡಗೇವಾರ್, ಸಾವರ್ಕರ್ ಪಾಠ ತೆಗೆದು ಸಾವಿತ್ರಿಬಾಯಿ ಫುಲೆ ಅವರ ಪಾಠ ಸೇರಿಸಲು ತೀರ್ಮಾನಿಸುವ ಹೊತ್ತಿಗೆ ಪುಸ್ತಕ ಅಚ್ಚಾಗಿ ಶಾಲೆ ಸೇರಿತ್ತು. ಮಕ್ಕಳ ಚೀಲದಲ್ಲೇ ಇರುವ ಪಾಠವನ್ನು ಮಾಡಬೇಡಿ ಅಂತ ನಿಮ್ಮಂಥವರು ಹೇಳಬೇಕಾಯಿತು. ಬೇಡ ಎಂದ ಪಾಠವನ್ನೇ ಮಕ್ಕಳು ಮೊದಲು ಓದಿರುತ್ತಾರೆ, ಅಲ್ವಾ ಮೇಷ್ಟ್ರೇ? ಪಾಠ ಬದಲಿಸಲು ಒಂದು ಸಮಿತಿ, ಒಂದು ಆದೇಶ ಸಾಕು. ನಿಮ್ಮ ಶಾಲೆಗೆ ಗಣಿತದ ಮೇಷ್ಟ್ರು ಬೇಕು ಅಂದರೆ ಬಜೆಟ್ ಬೇಕು.

ಮಗಳು ಕೊಡಗು ವಿಶ್ವವಿದ್ಯಾಲಯದಲ್ಲಿ ಪಿಜಿ ಮಾಡಿದ್ದಾಳೆ. ಹೊಸ ವಿ.ವಿ.ಗಳನ್ನು ಮುಚ್ಚುತ್ತಾರೆ ಅಂತ ಸುದ್ದಿ. ಸರ್ಟಿಫಿಕೇಟ್ ಗತಿ?
*ತಂದೆ, ಸೋಮವಾರಪೇಟೆ*

ಗಾಬರಿ ಬೇಡ. ಕಾನೂನಿನಂತೆ ಸ್ಥಾಪನೆಯಾದ ವಿಶ್ವವಿದ್ಯಾಲಯ ಕೊಟ್ಟ ಡಿಗ್ರಿ, ಆಮೇಲೆ ಅದನ್ನು ಇನ್ನೊಂದರ ಜೊತೆ ಸೇರಿಸಿದರೂ ಡಿಗ್ರಿಯೇ. ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಮಾಡಿದಾಗ ಹಳಬರ ಸರ್ಟಿಫಿಕೇಟ್ ಏನೂ ಆಗಲಿಲ್ಲವಲ್ಲ.

ಚಿಕ್ಕಅಳುವಾರದ ನಿಮ್ಮ ಕ್ಯಾಂಪಸ್ ಮಂಗಳೂರು ವಿಶ್ವವಿದ್ಯಾಲಯದ ಪಿಜಿ ಕೇಂದ್ರವಾಗಿತ್ತು. ಹಾಸನದ್ದು ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ. ಹಿಂದಿನ ಸರ್ಕಾರ ಇಂಥ ಕೇಂದ್ರಗಳ ಬೋರ್ಡು ಬದಲಿಸಿ ವಿಶ್ವವಿದ್ಯಾಲಯ ಮಾಡಿತು, ಹುದ್ದೆ ಮತ್ತು ದುಡ್ಡು ಅದಕ್ಕೆ ತಕ್ಕ ಹಾಗೆ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿ.ವಿ.ಗಳನ್ನು ಮುಂದುವರಿಸುವುದು ಬೇಡ ಎಂದಿತು. ತೆರೆದದ್ದು ಅರ್ಧಂಬರ್ಧ, ಮುಚ್ಚುವ ಮಾತೂ ಅರ್ಧಂಬರ್ಧ. ಕಾಯ್ದೆಯಲ್ಲಿ ಇರುವ ವಿ.ವಿ.ಯನ್ನು ತೆಗೆಯಲು ಶಾಸನಸಭೆಯಲ್ಲಿ ತಿದ್ದುಪಡಿಯೇ ಆಗಬೇಕು. ಮಗಳು ಘಟಿಕೋತ್ಸವ ಪ್ರಮಾಣಪತ್ರ ಇನ್ನೂ ತೆಗೆದುಕೊಂಡಿಲ್ಲವಾದರೆ ಅದನ್ನು ಮಾತ್ರ ಬೇಗ ಬಿಡಿಸಿಕೊಳ್ಳಲಿ. ಕಚೇರಿ ಊರು ಬದಲಿಸಿದರೆ ಓಡಾಟ ನಿಮ್ಮದೇ.

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಸರ್ಕಾರ ಬದಲಾದರೆ ಫೆಲೋಶಿಪ್ ನಿಲ್ಲುತ್ತದಾ? ವಿಷಯ ಬದಲಿಸು ಅನ್ನುತ್ತಾರಾ?
*ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ*

ಹಣ ಯಾರ ಸಹಿಯಿಂದ ಬರುತ್ತದೆ ಅಂತ ಮೊದಲು ನೋಡಿಕೊಳ್ಳಿ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರಕ್ಕೂ ರಾಜ್ಯಕ್ಕೂ ಕೈ ಇದೆ. ನಿಮ್ಮದು ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಆದರೆ ಬೆಂಗಳೂರಿನಲ್ಲಿ ಯಾರು ಬಂದರೂ ಹೋದರೂ ತಿಂಗಳ 37,000ಕ್ಕೆ ಸಂಬಂಧ ಇಲ್ಲ. ರಾಜ್ಯದ ಇಲಾಖೆ ಕೊಡುವ ಫೆಲೋಶಿಪ್ ಆದರೆ ಪ್ರತಿ ಬಜೆಟ್ಟಿನಲ್ಲೂ ಆ ಸಾಲು ಇದೆಯಾ ಅಂತ ನೋಡಬೇಕು.

ಆದರೆ ಸರ್ಕಾರ ಬದಲಾಗದಿದ್ದರೆ ಎಲ್ಲ ಭದ್ರ ಅಂದುಕೊಳ್ಳಬೇಡಿ. ಕೆವಿಪಿವೈ ನೆನಪಿದೆಯಾ? ಪಿಯುಸಿ ಮತ್ತು ಡಿಗ್ರಿ ಮಕ್ಕಳನ್ನು ಮೂಲವಿಜ್ಞಾನಕ್ಕೆ ಸೆಳೆಯಲು 1999ರಲ್ಲಿ ಶುರುವಾಗಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಫೆಲೋಶಿಪ್ ಪರೀಕ್ಷೆ. ವಾಜಪೇಯಿ ಕಾಲದ ಈ ಯೋಜನೆಯನ್ನು ಮನಮೋಹನ್ ಸಿಂಗ್ ಸರ್ಕಾರ ಹತ್ತು ವರ್ಷ ನಡೆಸಿತು. ನಿಂತದ್ದು 2022ರಲ್ಲಿ, ದೆಹಲಿಯಲ್ಲಿ ಯಾವ ಸರ್ಕಾರವೂ ಬದಲಾಗದೆ ಇದ್ದಾಗ. ಕೇಂದ್ರದ್ದೇ ಇನ್ನೊಂದು ವಿಜ್ಞಾನ ವಿದ್ಯಾರ್ಥಿವೇತನವಾದ ಇನ್‌ಸ್ಪೈರ್ ಯೋಜನೆಯಲ್ಲಿ ವಿಲೀನ ಅಂತ ಹೇಳಿದರು. ಅಲ್ಪಸಂಖ್ಯಾತ ಸಂಶೋಧಕರ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. ಆಗಲೇ ಪಡೆಯುತ್ತಿದ್ದವರಿಗೆ ಅವಧಿ ಮುಗಿಯುವವರೆಗೆ ಕೊಡುತ್ತೇವೆ ಎಂದರು, ಆದರೆ ಹಣ ತಿಂಗಳುಗಟ್ಟಲೆ ತಡವಾಯಿತು. ಸಂಶೋಧನೆಯಲ್ಲಿ ನೀತಿ ಬದಲಾವಣೆ ಹೀಗೇ ಬರುತ್ತದೆ. ಹೊಸಬರಿಗೆ ಬಾಗಿಲು ಮುಚ್ಚುತ್ತದೆ, ಹಳಬರಿಗೆ ತಡವಾಗುತ್ತದೆ. ಯಾರೂ ನಿಮ್ಮ ಮನೆಗೆ ಬಂದು ವಿಷಯ ಬದಲಿಸು ಅನ್ನುವುದಿಲ್ಲ. ಮುಂದಿನ ಪ್ರಾಜೆಕ್ಟ್ ಕರೆಯಲ್ಲಿ ನಿಮ್ಮ ವಿಷಯ ಇರುವುದಿಲ್ಲ, ಅಷ್ಟೇ.

ವಿಜ್ಞಾನದವರಾದರೆ ಇನ್ನೊಂದು ಗಮನಿಸಿ. ವಿಜ್ಞಾನ ಸಂಶೋಧನೆಗೆ ಕೇಂದ್ರದ ಹಣ ಹಂಚುತ್ತಿದ್ದ ಹಳೆಯ ಎಸ್‌ಇಆರ್‌ಬಿ ಮಂಡಳಿಯ ಜಾಗಕ್ಕೆ 2023ರ ಕಾಯ್ದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಐದು ವರ್ಷಕ್ಕೆ 50,000 ಕೋಟಿ ಅಂತ ಘೋಷಣೆ, ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕು. ಕಂಪನಿಗಳು ಧಾರವಾಡದ ಹೊಲದ ಕಳೆ ಬಗ್ಗೆ ಸಂಶೋಧನೆಗೆ ದುಡ್ಡು ಹಾಕುತ್ತವಾ ಅನ್ನೋದು ನನ್ನ ಅನುಮಾನ. ನಿಮ್ಮ ಮಾರ್ಗದರ್ಶಕರನ್ನು ಕೇಳಿ. ಫೆಲೋಶಿಪ್ ಮಂಜೂರಾತಿ ಪತ್ರದಲ್ಲಿ ಅವಧಿ, ವಿಸ್ತರಣೆ, ಹಾಜರಾತಿ ಬಗ್ಗೆ ಬರೆದಿರುವುದನ್ನು ಒಂದು ಸಲ ಗಮನವಿಟ್ಟು ಓದಿ. ಬಹಳಷ್ಟು ಜನ ಅದನ್ನು ಓದುವುದೇ ಇಲ್ಲ.

ಇಪ್ಪತ್ತು ವರ್ಷ ಬಾಳುವ ಶಿಕ್ಷಣ ನೀತಿ ನಮ್ಮ ದೇಶದಲ್ಲಿ ಸಾಧ್ಯವೇ?
*ನಿವೃತ್ತ ಮುಖ್ಯ ಶಿಕ್ಷಕರು, ಸಾಗರ*

ಆಗಿದೆಯಲ್ಲ ಸಾರ್! 1986ರದ್ದು. ವಿ.ಪಿ. ಸಿಂಗ್ ಸರ್ಕಾರ ಅದನ್ನು ಮರುಪರಿಶೀಲಿಸಲು ಆಚಾರ್ಯ ರಾಮಮೂರ್ತಿ ಸಮಿತಿ ಮಾಡಿತು. ಆ ಸರ್ಕಾರ ಬಿತ್ತು, ನೀತಿ ಉಳಿಯಿತು, 1992ರಲ್ಲಿ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ 2020ರವರೆಗೂ ನಡೆಯಿತು. ಆ ನೀತಿಯಲ್ಲಿ ಬಂದ ನವೋದಯ ಶಾಲೆಗಳು ಇವತ್ತಿಗೂ ಇವೆ. ಕಟ್ಟಡ ಕಟ್ಟಿ, ಮೇಷ್ಟ್ರನ್ನು ನೇಮಿಸಿ, ಹಾಸ್ಟೆಲ್ಲಿನಲ್ಲಿ ಮಕ್ಕಳಿಗೆ ಊಟ ಹಾಕಿದ ಮೇಲೆ ತೆಗೆಯಲು ಯಾವ ಸರ್ಕಾರಕ್ಕೂ ಧೈರ್ಯ ಬರುವುದಿಲ್ಲ.

ಮಗ ಆರನೇ ತರಗತಿ. ಹೊಸ ಆಯೋಗ ಎರಡೇ ಭಾಷೆ ಸಾಕು ಅಂದಿದೆಯಂತೆ. ಹಿಂದಿ ಹೋಂವರ್ಕ್ ಮಾಡಲ್ಲ ಅಂತ ಹಟ ಹಿಡಿದಿದ್ದಾನೆ.
*ತಾಯಿ, ಮಂಡ್ಯ*

ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ ದ್ವಿಭಾಷಾ ಶಿಫಾರಸು ಇರುವುದು ನಿಜ. ಹುಡುಗ ಪೇಪರ್ ಓದುತ್ತಾನೆ, ಸಂತೋಷ. ಆದರೆ ವರದಿ ಬೇರೆ, ಆದೇಶ ಬೇರೆ ಅಂತ ಹೇಳಿ. ಶಾಲೆಗೆ ಆದೇಶ ಬಂದು ಮುಖ್ಯ ಶಿಕ್ಷಕರು ಓದಿ ಹೇಳುವ ತನಕ ಹೋಂವರ್ಕ್ ಮಾಡಲಿ.